ಹಳೆ ಸೀರೆಯಿಂದ ಬಚ್ಚಲಿಗೊಂದು ಬಣ್ಣದ ಕಾಲೊರಸು

ಆಟಿಯ ಮಳೆ ಹಿಡಿದುಕೊಂಡಿತೆಂದರೆ ತೋಟದಲ್ಲಿ ಕೈಗೆ ಕೆಲಸ ಕಡಿಮೆ. ಅಡಿಕೆಗೆ ಬೋರ್ಡೋ ದ್ರಾವಣ ಒಂದು ಸಲ ಹೊಡೆದಾಗಿರುತ್ತದೆ. ಎರಡನೆಯ ಸಲಕ್ಕೆ ಮಳೆ ಹೊಳವಾಗುವುದನ್ನು ಕಾಯಬೇಕು. ಗಂಡಸರು ಜಗಲಿಯಲ್ಲಿ ಕುಳಿತು ಆಕಾಶ ನೋಡುವ ದಿನಗಳಿವು. ಹೆಂಗಸರಿಗೆ ಅಂಥ ಬಿಡುವು ಎಂದೂ ಇಲ್ಲವಾದರೂ ಮಧ್ಯಾಹ್ನದ ಮೇಲೆ ಒಂದು ಗಳಿಗೆ ಕೂರಲು ಸಿಗುತ್ತದೆ. ಈ ಪುಟದಲ್ಲಿ ಗೊಬ್ಬರ, ಔಷಧ, ನೀರಾವರಿಗಳ ಮಾತನ್ನೇ ಆಡುವ ನಾವು ಈ ಸಲ ತೋಟ ಬಿಟ್ಟು ಬಚ್ಚಲ ಬಾಗಿಲಿಗೆ ಬಂದುದನ್ನು ಕಂಡು ಕೆಲವರಿಗೆ ನಗು ಬರಬಹುದು. ಆದರೆ ಒಕ್ಕಲುತನವೆಂದರೆ ತೋಟದ ಬೇಲಿಯೊಳಗಿನದು ಮಾತ್ರವಲ್ಲ. ಮನೆಯ ಹಿರಿಯರು ಬಿದ್ದು ಹಾಸಿಗೆ ಹಿಡಿದರೆ ತೋಟದ ಲೆಕ್ಕವೂ ತಪ್ಪುತ್ತದೆ.

ನಮ್ಮ ಕಡೆಯ ಬಚ್ಚಲು ಹಿಂದೆ ಹೇಗಿತ್ತೆಂಬುದನ್ನು ಹಿರಿಯರು ಬಲ್ಲರು. ಅಬ್ಬಿಕೊಟ್ಟಿಗೆ ಎಂದು ಕೆಲವರು ಹೇಳುವ ಆ ಕೋಣೆ ಮನೆಯಿಂದ ಸ್ವಲ್ಪ ಆಚೆಗೆ ಇರುತ್ತಿತ್ತು. ಮುರಕಲ್ಲಿನ ಗೋಡೆ, ಕಾಲಡಿಯಲ್ಲಿ ಒರಟು ಚಪ್ಪಡಿಕಲ್ಲು, ಮೂಲೆಯಲ್ಲಿ ಹಂಡೆ, ಹಂಡೆಯಡಿ ಉರಿಯುವ ಒಲೆ. ಹೊಗೆ ಇತ್ತು, ಕತ್ತಲೆ ಇತ್ತು. ಆದರೆ ಆ ಕಲ್ಲು ಕಾಲನ್ನು ಹಿಡಿದುಕೊಳ್ಳುತ್ತಿತ್ತು, ಒಲೆಯ ಬಿಸಿಗೆ ನೆಲ ಬೇಗನೆ ಆರುತ್ತಿತ್ತು. ಇಂದು ಬಚ್ಚಲು ಮನೆಯೊಳಕ್ಕೆ ಬಂದಿದೆ. ನೆಲಕ್ಕೆ ಕನ್ನಡಿಯಂಥ ಟೈಲ್ಸು. ನೋಡಲು ಚೆಂದ, ತೊಳೆಯಲು ಸುಲಭ. ಸೋಪಿನ ನೀರು ಬಿದ್ದರೆ ಮಾತ್ರ ಪಾಚಿ ಕಟ್ಟಿದ ಕೆರೆಯ ಮೆಟ್ಟಲಿಗೆ ಸಮ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಈ ಜಿಲ್ಲೆಯಲ್ಲಿ ಜೂನಿನಿಂದ ಸೆಪ್ಟೆಂಬರಿನ ವರೆಗೆ ಅಂಥ ನೆಲ ತಾನಾಗಿ ಒಣಗುವುದೇ ಇಲ್ಲ.

ನಮ್ಮ ಮನೆಯಲ್ಲಿಯೇ ನಡೆದ ಸಂಗತಿ ಹೇಳುತ್ತೇವೆ. ದೊಡ್ಡಮ್ಮನಿಗೆ ಎಪ್ಪತ್ತು ದಾಟಿತ್ತು. ಹೊಸ ಬಚ್ಚಲಿನ ಬಾಗಿಲಿಗೆಂದು ಪೇಟೆಯಿಂದ ಒಂದು ಕಾಲೊರಸು ತಂದಿದ್ದೆವು. ಮಲಯಾಳದಲ್ಲಿ ‘ಚವಿಟ್ಟಿ’ ಎಂದು ಕೇಳಿದರೆ ಅಂಗಡಿಯವರು ಹತ್ತು ಬಗೆ ತೆಗೆದು ಹಾಕುತ್ತಾರೆ. ಅದರಲ್ಲಿ ಮಿರಮಿರ ಮಿಂಚುವುದನ್ನು ಆರಿಸಿದ್ದೆವು. ಮಿಂದು ಬಂದ ದೊಡ್ಡಮ್ಮ ಅದರ ಮೇಲೆ ಕಾಲಿಟ್ಟರು. ಕಾಲಿನ ನೀರನ್ನು ಅದು ಹೀರಲಿಲ್ಲ. ನೀರು ಕೆಳಗಿಳಿದು ಟೈಲ್ಸಿಗೂ ಕಾಲೊರಸಿಗೂ ನಡುವೆ ನಿಂತಿತ್ತು. ಕಾಲೊರಸು ಜಾರಿತು, ದೊಡ್ಡಮ್ಮ ಬಿದ್ದರು, ತೊಡೆಯ ಎಲುಬು ಸೊಂಟದ ಬಳಿ ಮುರಿಯಿತು. ಶಸ್ತ್ರಚಿಕಿತ್ಸೆಯಾಯಿತು. ಆರು ತಿಂಗಳ ಬಳಿಕ ಕೋಲು ಹಿಡಿದು ಅಂಗಳಕ್ಕೆ ಬಂದರು. ತೋಟದ ವರೆಗೆ ಮಾತ್ರ ಮತ್ತೆಂದೂ ಹೋಗಲಿಲ್ಲ. ಜಾರದಿರಲೆಂದು ಹಾಕಿದ ವಸ್ತುವೇ ಜಾರಿಸಿತು. ಆ ಮೇಲೆ ನಮ್ಮ ಮನೆಯ ಹೆಂಗಸರು ಹಳೆಯ ಹತ್ತಿ ಸೀರೆಗಳನ್ನು ಹರಿದು ಕೊಕ್ಕೆ ಕಡ್ಡಿಯಿಂದ ಕಾಲೊರಸು ಹೆಣೆಯಲು ತೊಡಗಿದರು. ಅದರ ಕ್ರಮವನ್ನೇ ಇಲ್ಲಿ ವಿವರಿಸಿದ್ದೇವೆ.

ಹತ್ತಿಯೇ ಏಕೆ?

ನಮ್ಮ ನಾಡಿನಲ್ಲಿ ಕಾಲೊರಸೆಂದರೆ ಮೊದಲು ನೆನಪಾಗುವುದು ತೆಂಗಿನ ನಾರಿನದು. ಹೊರಬಾಗಿಲಿಗೆ ಅದಕ್ಕೆ ಸಮನಾದುದಿಲ್ಲ. ಕೆಸರನ್ನು ಕೆರೆದು ತೆಗೆಯುತ್ತದೆ, ಬಾಳಿಕೆಯೂ ಹೆಚ್ಚು. ಆದರೆ ನೀರನ್ನು ಒರಸಿ ಹೀರುವ ಗುಣ ಅದಕ್ಕೆ ಸಾಲದು. ಮಿಂದು ಮೆತ್ತಗಾದ ಮುದಿ ಕಾಲಿಗೆ ಚುಚ್ಚುತ್ತದೆ ಕೂಡ.

ಹತ್ತಿಯ ಎಳೆಗೆ ನೀರೆಂದರೆ ಒಲವು. ಸಾಧಾರಣ ಹವೆಯಲ್ಲಿ 100 ಗ್ರಾಂ ಒಣ ಹತ್ತಿ ಗಾಳಿಯಿಂದಲೇ ಸುಮಾರು 8 ಗ್ರಾಂ ತೇವವನ್ನು ಹೀರಿಟ್ಟುಕೊಳ್ಳುತ್ತದೆ. ಅಷ್ಟೇ ತೂಕದ ಪಾಲಿಯೆಸ್ಟರ್ ಅರ್ಧ ಗ್ರಾಮನ್ನೂ ಹೀರುವುದಿಲ್ಲ. ಹತ್ತಿಗೆ ಇನ್ನೊಂದು ಗುಣವುಂಟು: ಒದ್ದೆಯಾದಾಗ ಅದರ ಎಳೆ ಇನ್ನಷ್ಟು ಗಟ್ಟಿಯಾಗುತ್ತದೆ. ಒಗೆಯುವ ಕಲ್ಲಿಗೆ ಎಷ್ಟು ಬಡಿದರೂ ಹತ್ತಿ ಬಟ್ಟೆ ತಾಳುವುದು ಇದರಿಂದಲೇ. ರೇಯಾನ್ ಬಟ್ಟೆ ಇದಕ್ಕೆ ವಿರುದ್ಧ. ನೋಡಲು ಹತ್ತಿಯಂತೆ ಇದ್ದರೂ ಒದ್ದೆಯಾದರೆ ಅದರ ಬಲ ಕುಗ್ಗುತ್ತದೆ.

ಮನೆಯಲ್ಲಿರುವ ಸೀರೆ ಹತ್ತಿಯದೋ ಅಲ್ಲವೋ ಎಂದು ಸಂಶಯ ಬಂದರೆ ಸೆರಗಿನಿಂದ ನಾಲ್ಕು ಎಳೆ ತೆಗೆದು ಚಿಮಟದಲ್ಲಿ ಹಿಡಿದು ದೀಪಕ್ಕೆ ತೋರಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಮೆತ್ತನೆಯ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಆದರೆ ಮುದುಡಿ ಕರಗಿ ತುದಿಯಲ್ಲಿ ಗಟ್ಟಿ ಮಣಿಯಾಗುತ್ತದೆ. ಮಣಿ ಕಟ್ಟಿದ ಬಟ್ಟೆ ಈ ಕೆಲಸಕ್ಕೆ ಬೇಡ. ರೇಯಾನ್ ಕೂಡ ಕಾಗದದಂತೆಯೇ ಉರಿಯುವುದರಿಂದ, ಆ ಬಗ್ಗೆ ಅನುಮಾನವಿದ್ದರೆ ಒಂದು ಎಳೆಯನ್ನು ನೀರಿನಲ್ಲಿ ನೆನೆಸಿ ಎಳೆದು ನೋಡಿ. ಒಣ ಎಳೆಗಿಂತ ಸುಲಭವಾಗಿ ತುಂಡಾದರೆ ಅದನ್ನೂ ಬಿಡಿ.

ಹತ್ತಿ ಸೀರೆಯ ಮಾತು ಬಂದಾಗ ನಮ್ಮೂರಿನ ನೇಕಾರರನ್ನು ಮರೆಯಲಾಗದು. ಕಾಸರಗೋಡು ಸೀರೆಗೆ ಭೌಗೋಳಿಕ ಸೂಚಕದ ಮನ್ನಣೆಯುಂಟು. ಅದನ್ನು ಕೈಮಗ್ಗದಲ್ಲಿ ನೇಯುವ ನೇಕಾರರ ಸಹಕಾರಿ ಸಂಘ 1938ರಷ್ಟು ಹಳೆಯದು. ಬಣ್ಣ ಬಿಡದಿರುವುದಕ್ಕೂ ಬಾಳಿಕೆಗೂ ಆ ಸೀರೆ ಹೆಸರಾದುದು. ಅಂಥ ಸೀರೆಯನ್ನು ಉಡಲು ಬರುವಷ್ಟು ಕಾಲ ಉಡಬೇಕು; ನಡುವೆ ಹರಿದು, ಹೊಲಿಗೆಯೂ ನಿಲ್ಲದ ಕಾಲಕ್ಕೆ ಮಾತ್ರ ಕಾಲೊರಸಿಗೆ ತರತಕ್ಕದ್ದು. ಅದಿಲ್ಲದಿದ್ದರೆ ಹಳೆ ಪಂಚೆ, ಲುಂಗಿ, ಹಾಸಿಗೆಯ ಹೊದಿಕೆ ಯಾವುದೂ ಆಗಬಹುದು. ಔಷಧ ಹೊಡೆಯುವಾಗ ಉಟ್ಟ ಬಟ್ಟೆ ಮಾತ್ರ ಎಷ್ಟು ತೊಳೆದಿದ್ದರೂ ಕೂಡದು.

ಕೊಕ್ಕೆ ಕಡ್ಡಿಯ ಹಿನ್ನೆಲೆ

ಈ ಹೆಣಿಗೆಗೆ ಕ್ರೋಶಾ ಎಂದು ಹೆಸರು. ಫ್ರೆಂಚ್ ಮಾತಿನಲ್ಲಿ ಹಾಗೆಂದರೆ ಸಣ್ಣ ಕೊಕ್ಕೆ. ತುದಿಯಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿ ಸಾಕು. ಮಗ್ಗ ಬೇಡ, ಯಂತ್ರ ಬೇಡ.

ಅಡಿಕೆ ಬೆಳೆಗಾರರಿಗೆ ಇದರ ಚರಿತ್ರೆಯಲ್ಲಿ ಒಂದು ಸಂಗತಿ ಮನಮುಟ್ಟುವಂಥದು. 1845ರಲ್ಲಿ ಐರ್ಲೆಂಡಿನ ಬಟಾಟೆ ಬೆಳೆಗೆ ಅಂಗಮಾರಿ ರೋಗ ಬಿದ್ದು ಅಲ್ಲಿ ಘೋರ ಕ್ಷಾಮವುಂಟಾಯಿತು. ಆ ರೋಗದ ರೋಗಾಣು ಫೈಟಾಫ್ತೊರ ಜಾತಿಯದು. ನಮ್ಮ ಅಡಿಕೆಯ ಕೊಳೆರೋಗದ ರೋಗಾಣುವೂ ಅದೇ ಕುಲದ ದಾಯಾದಿ. ಬೆಳೆ ಕೊಳೆತು ಗತಿಗೆಟ್ಟ ಆ ವರ್ಷಗಳಲ್ಲಿ ಐರ್ಲೆಂಡಿನ ಎಷ್ಟೋ ಹೆಂಗಸರು ಕ್ರೋಶಾ ಕಡ್ಡಿಯಿಂದ ಕಸೂತಿಯಂಚು ಹೆಣೆದು ಮಾರಿ ಸಂಸಾರ ನಡೆಸಿದರು. ನಮ್ಮ ದೇಶದಲ್ಲಿ ಆಂಧ್ರದ ನರಸಾಪುರದ ಕಡೆಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಪಾದ್ರಿಗಳ ಮೂಲಕ ಬಂದ ಈ ಕೆಲಸ ಇಂದಿಗೂ ಅಲ್ಲಿ ಸಾವಿರಾರು ಮನೆಗಳಲ್ಲಿ ನಡೆಯುತ್ತಿದೆ. ಅವರದು ಕೂದಲೆಳೆಯಂಥ ನೂಲು, ಸೂಜಿಯಂಥ ಕಡ್ಡಿ. ನಮ್ಮದು ಹರಿದ ಸೀರೆ, ಕಿರುಬೆರಳು ದಪ್ಪದ ಕಡ್ಡಿ. ಕೈಯ ಚಲನೆ ಎರಡಕ್ಕೂ ಒಂದೇ.

ಬೇಕಾಗುವ ಸಾಮಾನು

ಎರಡಡಿ ಉದ್ದ, ಒಂದೂವರೆ ಅಡಿ ಅಗಲದ, ಎಂದರೆ ಸುಮಾರು 60 ಸೆಂಟಿಮೀಟರಿಗೆ 45 ಸೆಂಟಿಮೀಟರಿನ ಕಾಲೊರಸಿಗೆ ಒಂದೂವರೆಯಿಂದ ಎರಡು ತೆಳು ಹತ್ತಿ ಸೀರೆ ಬೇಕಾಗುತ್ತದೆ. ಮೇಲೆ ಒಂದು ಕತ್ತರಿ, ಒಂದು ಕಡ್ಡಿ.

ಕಡ್ಡಿ ಸುಮಾರು 10 ಮಿಲಿಮೀಟರ್ ದಪ್ಪವಿರಬೇಕು. ಪೇಟೆಯಲ್ಲಿ ಸಿಗದಿದ್ದರೆ ಚೆನ್ನಾಗಿ ಬಲಿತು ಒಣಗಿದ ಬಿದಿರಿನಿಂದ ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಒಂದು ಗೇಣು ಉದ್ದದ ಸಲಾಕೆಯನ್ನು ಉರುಟಾಗಿ ಕೆತ್ತಿ, ತುದಿಯನ್ನು ಮೊಂಡು ಮಾಡಿ, ತುದಿಯಿಂದ ಅರ್ಧ ಅಂಗುಲ ಕೆಳಗೆ ಓರೆಯಾಗಿ ಒಂದು ಕಚ್ಚು ಹಾಕಬೇಕು. ಕಚ್ಚಿನ ಬಾಯಿ ಹಿಡಿಯ ಕಡೆಗೆ ವಾಲಿ ಕೊಕ್ಕೆಯ ಆಕಾರ ಬರಬೇಕು. ಬಳಿಕ ಮರಳು ಕಾಗದದಿಂದ ಚೆನ್ನಾಗಿ ಉಜ್ಜಿ ತೆಂಗಿನೆಣ್ಣೆ ಸವರಿ. ಒಂದು ಸಿಬಿರು ಉಳಿದರೂ ಸೀರೆಯ ಎಳೆ ಸಿಕ್ಕಿಕೊಳ್ಳುತ್ತದೆ, ಬೆರಳಿಗೂ ಚುಚ್ಚುತ್ತದೆ.

ಪಟ್ಟಿ ಹರಿಯುವುದು, ಜೋಡಿಸುವುದು

ಮೊದಲು ಬಣ್ಣ ಪರೀಕ್ಷಿಸಬೇಕು. ಸೀರೆಯ ಮೂಲೆಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲೆ ಒತ್ತಿ ಉಜ್ಜಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಆ ಸೀರೆಯನ್ನು ಬೇರೆಯಾಗಿಯೇ ಮತ್ತೆ ಮತ್ತೆ ಒಗೆದು, ನೀರು ತಿಳಿಯಾದ ಮೇಲೆ ಉಪಯೋಗಿಸತಕ್ಕದ್ದು. ಹಾಗೆ ಮಾಡದೆ ಕೆಂಪನ್ನೂ ಬಿಳಿಯನ್ನೂ ಕೂಡಿಸಿ ಹೆಣೆದರೆ ಮೊದಲ ಒಗೆತಕ್ಕೇ ಎರಡೂ ಕೆಡುತ್ತವೆ.

ಜರಿಯಂಚು, ಕುಚ್ಚುಗಳಿದ್ದರೆ ಕತ್ತರಿಸಿ ತೆಗೆಯಿರಿ. ಜರಿ ಕಾಲಿಗೆ ಗೀರುತ್ತದೆ. ಆಮೇಲೆ ಸೀರೆಯ ಅಗಲದ ಬದಿಯಲ್ಲಿ 4 ಸೆಂಟಿಮೀಟರಿಗೆ ಒಂದರಂತೆ ಕತ್ತರಿಯಿಂದ ಸಣ್ಣ ಕಚ್ಚು ಹಾಕಿ ಕೈಯಿಂದಲೇ ಉದ್ದಕ್ಕೆ ಹರಿಯಿರಿ. ಹತ್ತಿ ಬಟ್ಟೆ ನೂಲಿನ ದಾರಿ ಹಿಡಿದು ನೇರವಾಗಿ ಹರಿಯುತ್ತದೆ. ಅಂಚು ತೆಗೆದ ಸೀರೆಯಲ್ಲಿ ಹೀಗೆ 27 ಪಟ್ಟಿ ಸಿಗುತ್ತದೆ. ಪಟ್ಟಿಯೊಂದು ಐದೂವರೆ ಮೀಟರ್ ಎಂದರೆ ಒಟ್ಟು 150 ಮೀಟರಿಗೆ ಹತ್ತಿರ. ಸೀರೆ ತೀರಾ ತೆಳುವಾಗಿದ್ದರೆ 5 ಸೆಂಟಿಮೀಟರ್ ಅಗಲ ಇಡಿ. ಹಾಸಿಗೆಯ ಹೊದಿಕೆಯಂತೆ ದಪ್ಪವಿದ್ದರೆ ಎರಡೂವರೆ ಸಾಕು.

ಪಟ್ಟಿಗಳನ್ನು ಗಂಟು ಹಾಕಿ ಜೋಡಿಸಬಾರದು. ಗಂಟು ಅಂಗಾಲಿಗೆ ಒತ್ತುತ್ತದೆ. ಹಿರಿಯರ ಕಾಲು ಎಡವಲೂಬಹುದು. ಎರಡು ಪಟ್ಟಿಗಳ ತುದಿಯಲ್ಲಿ ಅರ್ಧ ಅಂಗುಲ ಬಿಟ್ಟು ಅಂಗಿಯ ಗುಂಡಿ ತೂತಿನಂತೆ ಒಂದೊಂದು ಸೀಳು ಮಾಡಿ. ಹೊಸ ಪಟ್ಟಿಯ ಸೀಳಿರುವ ತುದಿಯನ್ನು ಹಳೆ ಪಟ್ಟಿಯ ಸೀಳಿನೊಳಗೆ ತೂರಿಸಿ. ಬಳಿಕ ಹೊಸ ಪಟ್ಟಿಯ ಇನ್ನೊಂದು ಕೊನೆಯನ್ನು ಅದರದೇ ಸೀಳಿನೊಳಗಿಂದ ತಂದು ಮೆಲ್ಲಗೆ ಎಳೆಯಿರಿ. ಎರಡೂ ಒಂದನ್ನೊಂದು ಕಚ್ಚಿಕೊಂಡು ಚಪ್ಪಟೆಯಾಗಿ ಕೂರುತ್ತವೆ. ಹೀಗೆ ಜೋಡಿಸುತ್ತ ಉಂಡೆ ಸುತ್ತಿಟ್ಟುಕೊಳ್ಳಿ. ಈ ಕೆಲಸಕ್ಕೆ ಮಕ್ಕಳೂ ಅಜ್ಜಂದಿರೂ ಸಂತೋಷದಿಂದ ಕೈ ಕೊಡುತ್ತಾರೆ.

ಹೆಣೆಯುವ ಕ್ರಮ

ಪಟ್ಟಿಯ ತುದಿಯಲ್ಲಿ ಎಳೆದರೆ ಬಿಗಿಯುವ ಜೀರುಕುಣಿಕೆ ಮಾಡಿ ಕಡ್ಡಿಗೆ ಹಾಕಿ. ಪಟ್ಟಿಯನ್ನು ಕೊಕ್ಕೆಗೆ ಸಿಕ್ಕಿಸಿ ಆ ಕುಣಿಕೆಯೊಳಗಿಂದ ಎಳೆದು ತನ್ನಿ. ಒಂದು ಕಣ್ಣಾಯಿತು. ಹೀಗೆಯೇ ಒಂದರೊಳಗಿಂದ ಇನ್ನೊಂದನ್ನು ಎಳೆಯುತ್ತ ಹೋದರೆ ಸರಪಳಿಯಾಗುತ್ತದೆ. ಎರಡಡಿ ಉದ್ದವಾಗುವ ವರೆಗೆ ಸರಪಳಿ ಹಾಕಿ. ನಮ್ಮ ಮನೆಯವರ ಕೈಗೆ ಅದು 45 ಕಣ್ಣು. ಬಿಗಿ ಕೈಯವರಿಗೆ ಹೆಚ್ಚು, ಸಡಿಲ ಕೈಯವರಿಗೆ ಕಡಿಮೆ ಬರಬಹುದು. ಕೊನೆಗೆ ತಿರುವಿಗೆಂದು ಒಂದು ಕಣ್ಣು ಹೆಚ್ಚು ಹಾಕಿ, 46.

ಈಗ ಮೊದಲ ಸಾಲು. ಕಡ್ಡಿಯಿಂದ ಎರಡನೆಯ ಕಣ್ಣಿಗೆ ಕಡ್ಡಿಯನ್ನು ತೂರಿಸಿ, ಪಟ್ಟಿಯನ್ನು ಸಿಕ್ಕಿಸಿ ಈಚೆಗೆ ಎಳೆಯಿರಿ. ಕಡ್ಡಿಯ ಮೇಲೆ ಎರಡು ಕುಣಿಕೆ ಇರುತ್ತದೆ. ಮತ್ತೊಮ್ಮೆ ಪಟ್ಟಿ ಸಿಕ್ಕಿಸಿ ಆ ಎರಡರೊಳಗಿಂದಲೂ ಒಟ್ಟಿಗೆ ಎಳೆಯಿರಿ. ಒಂದು ಕುಣಿಕೆ ಉಳಿಯಿತು. ಒಂದು ಹೆಣಿಗೆ ಮುಗಿಯಿತು. ಮುಂದಿನ ಕಣ್ಣಿಗೂ ಹೀಗೆಯೇ. ಸಾಲು ಮುಗಿದಾಗ ಒಂದು ಸರಪಳಿ ಕಣ್ಣು ಹಾಕಿ, ಕೈಯಲ್ಲಿರುವುದನ್ನು ತಿರುಗಿಸಿ, ಹಿಂದಿನ ಸಾಲಿನ ಹೆಣಿಗೆಗಳ ತಲೆಯ ಮೇಲೆ ಮತ್ತೆ ಅದೇ ಕ್ರಮ. ಸುಮಾರು 33 ಸಾಲಿಗೆ ಒಂದೂವರೆ ಅಡಿ ಅಗಲ ಬರುತ್ತದೆ. ಕೊನೆಗೆ ಪಟ್ಟಿಯನ್ನು ಕತ್ತರಿಸಿ ತುದಿಯನ್ನು ಕುಣಿಕೆಯೊಳಗೆ ತೂರಿಸಿ ಬಿಗಿದು, ಉಳಿದ ಬಾಲವನ್ನು ಹೆಣಿಗೆಯೊಳಗೆ ಅಡಗಿಸಿ ದಾರದಿಂದ ನಾಲ್ಕು ಹೊಲಿಗೆ ಹಾಕಿ.

ಹೊಸಬರು ಮಾಡುವ ತಪ್ಪೊಂದಿದೆ. ಸಾಲಿನ ಕೊನೆಯ ಹೆಣಿಗೆ ಕಣ್ಣಿಗೆ ಕಾಣದೆ ಬಿಟ್ಟುಹೋಗುತ್ತದೆ. ಹತ್ತು ಸಾಲಿನಲ್ಲಿ ಹತ್ತು ಹೆಣಿಗೆ ಹೋಗಿ ಕಾಲೊರಸು ಬಾಳೆಲೆಯ ಕುಡಿಯಂತೆ ಚೂಪಾಗುತ್ತದೆ. ಆದುದರಿಂದ ಪ್ರತಿ ಸಾಲಿನ ಕೊನೆಗೆ 45 ಎಣಿಸಿಯೇ ತಿರುಗಿಸಬೇಕು.

ಉರುಟಾದುದು ಬೇಕೆನ್ನುವವರು ನಾಲ್ಕು ಕಣ್ಣಿನ ಸರಪಳಿಯ ಎರಡು ತುದಿ ಕೂಡಿಸಿ ಬಳೆ ಮಾಡಿ, ಅದರೊಳಗೆ 6 ಹೆಣಿಗೆ ಹಾಕಲಿ. ಎರಡನೆಯ ಸುತ್ತಿಗೆ 12, ಮೂರನೆಯದಕ್ಕೆ 18, ನಾಲ್ಕನೆಯದಕ್ಕೆ 24. ಹೀಗೆ ಸುತ್ತಿಗೆ ಆರಾರು ಹೆಚ್ಚಿಸುತ್ತ ಹೋಗಬೇಕು. ಹೆಚ್ಚಿಸಿದ್ದು ಸಾಲದಿದ್ದರೆ ಅಂಚು ಮೇಲೆದ್ದು ಮುಟ್ಟಾಳೆಯಾಗುತ್ತದೆ; ಹೆಚ್ಚಾದರೆ ಎಣ್ಣೆಗೆ ಬಿದ್ದ ಹಪ್ಪಳದಂತೆ ಸುರುಟುತ್ತದೆ. ಎರಡೂ ಬಚ್ಚಲಿಗೆ ಅಪಾಯ, ಕಾಲು ಸಿಕ್ಕಿಕೊಳ್ಳುತ್ತದೆ. ಹಾಗಾದರೆ ನಾಚದೆ ಎರಡು ಸುತ್ತು ಬಿಚ್ಚಿ ಮತ್ತೆ ಹೆಣೆಯಬೇಕು. ಬಿಚ್ಚಿದರೆ ಬಟ್ಟೆಗೆ ನಷ್ಟವಿಲ್ಲ.

ಬಣ್ಣದ ಆಯ್ಕೆ

ಬಣ್ಣವೆಂದರೆ ಅಂದಕ್ಕೆ ಮಾತ್ರವೆಂದು ತಿಳಿಯಬಾರದು. ಕಣ್ಣು ಮಂಜಾದ ಹಿರಿಯರಿಗೆ ಬಿಳಿ ಟೈಲ್ಸಿನ ಮೇಲೆ ಬಿಳಿ ಕಾಲೊರಸು ಕಾಣುವುದಿಲ್ಲ. ಅದರ ಅಂಚಿಗೇ ಎಡವುತ್ತಾರೆ. ನೆಲ ಬಿಳಿಯಾಗಿದ್ದರೆ ಅಂಚಿನ ನಾಲ್ಕು ಸಾಲು ಕೆಂಪು, ಕಡುನೀಲಿ, ಹಸುರುಗಳಲ್ಲಿ ಯಾವುದಾದರೊಂದು ಗಾಢ ಬಣ್ಣದ್ದಿರಲಿ. ನೆಲ ಕಪ್ಪಾಗಿದ್ದರೆ ಅಂಚು ಹಳದಿಯಿರಲಿ. ನಡುವೆ ನಿಮ್ಮ ಇಷ್ಟ. ಬಣ್ಣ ಬದಲಿಸುವುದನ್ನು ಸಾಲಿನ ಕೊನೆಯಲ್ಲಿ ಮಾಡಿದರೆ ಪಟ್ಟೆ ನೇರವಾಗಿ ಬರುತ್ತದೆ. ಅಮ್ಮನ ಸೀರೆ, ಅತ್ತೆಯ ಸೀರೆ, ಮಗಳು ಶಾಲೆಗೆ ಹಾಕುತ್ತಿದ್ದ ಲಂಗ ಎಲ್ಲವೂ ಒಂದೊಂದು ಪಟ್ಟೆಯಾಗಿ ಕಾಲಡಿಗೆ ಬಂದಾಗ ಹೆಂಗಸರು ಅದನ್ನು ನೋಡಿ ಆಡುವ ಮಾತುಗಳೇ ಒಂದು ಪುರಾಣ.

ಹಾಸುವಾಗ, ಒಣಗಿಸುವಾಗ ಎಚ್ಚರಿಕೆ

ಕಾಲೊರಸು ಹೆಣೆದ ಮಾತ್ರಕ್ಕೆ ಅಪಾಯ ಕಳೆಯಿತೆಂದು ನಾವು ಹೇಳುವುದಿಲ್ಲ. ಹಾಸುವ ಕ್ರಮ ತಪ್ಪಿದರೆ ಹತ್ತಿಯದೂ ಜಾರುತ್ತದೆ.

ಅದನ್ನು ಮೀಯುವ ಜಾಗದಲ್ಲಿ ಹಾಕಕೂಡದು; ಮಿಂದು ಹೊರಗೆ ಕಾಲಿಡುವಲ್ಲಿ, ಒರಸಿ ಒಣಗಿಸಿದ ನೆಲದ ಮೇಲೆ ಹಾಸಬೇಕು. ಟೈಲ್ಸು ನುಣುಪಾಗಿದ್ದರೆ ಕಾಲೊರಸಿನಡಿಗೆ ಅಂಗಡಿಗಳಲ್ಲಿ ಸಿಗುವ ರಬ್ಬರಿನ ಬಲೆಯ ತುಂಡನ್ನು ಅದರ ಅಳತೆಗೇ ಕತ್ತರಿಸಿ ಹಾಕಿ. ಹಾಸಿದ ಮೇಲೆ ಮನೆಯ ಗಟ್ಟಿಮುಟ್ಟಾದವರೊಬ್ಬರು ಗೋಡೆ ಹಿಡಿದು ಕಾಲಿನಿಂದ ಬದಿಗೆ ದೂಡಿ ನೋಡಲಿ. ಸರಿದರೆ ಹಿರಿಯರನ್ನು ಅದರ ಮೇಲೆ ನಿಲ್ಲಿಸಬೇಡಿ. ನೆಲದ ಸೋಪಿನ ಜಿಡ್ಡನ್ನು ವಾರಕ್ಕೊಮ್ಮೆ ಗಟ್ಟಿ ಬ್ರಷ್ಷಿನಿಂದ ಉಜ್ಜಿ ತೆಗೆಯತಕ್ಕದ್ದು. ಬಾಗಿಲ ಬದಿಯ ಗೋಡೆಗೆ ಕೈ ಹಿಡಿದುಕೊಳ್ಳಲು ಒಂದು ಕಬ್ಬಿಣದ ಸರಳು ಹಾಕಿಸಿದರೆ ಇನ್ನೂ ಒಳ್ಳೆಯದು. ಅದು ಗೋಡೆಗೆ ಭದ್ರವಾಗಿ ಕೂತಿರಬೇಕು.

ಮನೆಗೆ ಒಂದೇ ಕಾಲೊರಸು ಸಾಲದು, ಎರಡು ಬೇಕು. ಹತ್ತಿ ನೀರು ಹೀರುವಷ್ಟೇ ಬೇಗ ಬಿಡುವುದಿಲ್ಲ. ಒದ್ದೆಯಾಗಿಯೇ ಬಿದ್ದಿದ್ದರೆ ಮಳೆಗಾಲದಲ್ಲಿ ಬೂಸಲು ಹಿಡಿದು ನಾರುತ್ತದೆ, ಕಾಲಿನ ಬೆರಳ ಸಂದಿಗೆ ಕಜ್ಜಿಯೂ ಬರಬಹುದು. ಒಂದು ಹಾಸಿರುವಾಗ ಇನ್ನೊಂದು ಒಣಗುತ್ತಿರಬೇಕು. ಹಂಡೆಯ ಒಲೆ ಇನ್ನೂ ಇರುವ ಮನೆಯಾದರೆ ಅದರ ಬದಿಯಲ್ಲಿ, ಬೆಂಕಿಗೆ ತಾಗದಷ್ಟು ದೂರದಲ್ಲಿ ಹಗ್ಗ ಕಟ್ಟಿ ಹಾಕಿ. ಅಡಿಕೆ ಒಣಗಿಸಲೆಂದು ಪ್ಲಾಸ್ಟಿಕ್ ಹೊದಿಸಿ ಕಟ್ಟಿದ ಚಪ್ಪರವಿದ್ದರೆ ಮಳೆಗಾಲದಲ್ಲಿ ಅದರಲ್ಲಿಯೂ ಒಣಗುತ್ತದೆ. ವಾರಕ್ಕೊಮ್ಮೆ ಬಿಸಿ ನೀರಿನಲ್ಲಿ ಸೋಪು ಹಾಕಿ ನೆನೆಸಿ ಒಗೆಯಿರಿ. ಒಣಗಿದಾಗಲೇ ಮುಕ್ಕಾಲು ಕಿಲೋಗೆ ಹತ್ತಿರ ತೂಗುವ ಇದು ನೀರು ಕುಡಿದರೆ ಬಲು ಭಾರ. ಹಿಂಡದೆ, ಮಡಿಸಿ ಕಲ್ಲಿನ ಮೇಲೆ ಒತ್ತಿ ನೀರು ಇಳಿಸಬೇಕು.

ಮಾರುವವರಿಗೆ ಒಂದು ಮಾತು

ಕೈ ಪಳಗಿದ ಮೇಲೆ ಮಾರಾಟದ ಯೋಚನೆ ಬರುವುದು ಸಹಜ. 1998ರಲ್ಲಿ ಆರಂಭವಾದ ಕುಟುಂಬಶ್ರೀಯ ಗುಂಪುಗಳು ಈಗ ನಮ್ಮ ಊರೂರಿನಲ್ಲಿವೆ. ಓಣಂ ಸಮಯದ ಅವುಗಳ ಸಂತೆಗಳಲ್ಲಿ ಇಂಥ ವಸ್ತುಗಳಿಗೆ ಜಾಗ ಸಿಗುತ್ತದೆ. ಆದರೆ ಬೆಲೆ ಕಟ್ಟುವ ಮೊದಲು ಲೆಕ್ಕ ಹಾಕಿ. ಹರಿದು ಜೋಡಿಸಲು ಮೂರು ಗಂಟೆ, ಹೆಣೆಯಲು ಒಂಬತ್ತು ಗಂಟೆ. ಹನ್ನೆರಡು ಗಂಟೆಯೆಂದರೆ ಒಂದೂವರೆ ದಿನದ ಕೂಲಿ. ಸೀರೆ ಹಳೆಯದೆಂದು ಅದಕ್ಕೆ ಬೆಲೆ ಹಾಕದಿರಬಹುದು, ಕೈ ಹಳೆಯದಲ್ಲವಷ್ಟೆ. ನರಸಾಪುರದ ಹೆಣಿಗೆಯವರ ಬಗ್ಗೆ ಮರಿಯಾ ಮೀಸ್ ಎಂಬ ಜರ್ಮನ್ ವಿದುಷಿ 1982ರಲ್ಲಿ ಒಂದು ಪುಸ್ತಕವನ್ನೇ ಬರೆದಳು. ಮನೆಯೊಳಗೆ ಕುಳಿತು ದಿನವಿಡೀ ದುಡಿದರೂ, ಹೆಂಗಸರ ಬಿಡುವಿನ ಕೆಲಸವೆಂಬ ನೆಪದಿಂದ ಅವರಿಗೆ ಸಿಗುತ್ತಿದ್ದುದು ಪುಡಿಗಾಸು, ಲಾಭವೆಲ್ಲ ವರ್ತಕರಿಗೆ ಎಂದು ಅವಳು ತೋರಿಸಿದಳು. ಯಂತ್ರದ ಅಗ್ಗದ ಕಾಲೊರಸಿನೊಡನೆ ಬೆಲೆಯಲ್ಲಿ ಸ್ಪರ್ಧಿಸಲು ಹೋದರೆ ನಮ್ಮವರಿಗೂ ಅದೇ ಗತಿ. ಕೂಲಿ ಗಿಟ್ಟದ ಬೆಲೆಗೆ ಮಾರುವುದಕ್ಕಿಂತ ಹೆಣೆದು ತವರಿಗೋ ನೆರೆಮನೆಯ ಅಜ್ಜಿಗೋ ಕೊಡುವುದು ಮೇಲೆಂದು ನಮ್ಮ ಅಭಿಪ್ರಾಯ.

ನಮ್ಮ ಮನೆಯಲ್ಲಿ ಮೊದಲು ಹೆಣೆದ ಕಾಲೊರಸು ಓರೆಯಾಗಿತ್ತು. ಒಂದು ಬದಿಗೆ 45, ಇನ್ನೊಂದು ಬದಿಗೆ 39. ಆದರೂ ಅದಕ್ಕೆ ರಬ್ಬರಿನ ಬಲೆ ಕೊಟ್ಟು ಹಾಸಿದೆವು. ದೊಡ್ಡಮ್ಮ ಕೋಲಿನಿಂದ ಅದನ್ನು ಎರಡು ಸಲ ಕುಟ್ಟಿ, ಸರಿಯುವುದಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಕಾಲಿಟ್ಟರು. “ನನ್ನ ಹಸುರು ಸೀರೆಯಲ್ಲವೇ ಇದು?” ಎಂದು ಕೇಳಿದರು. ಹೌದೆಂದೆವು.

ಈ ಆಟಿಯಲ್ಲಿ ನಿಮ್ಮ ಪೆಟ್ಟಿಗೆಯ ತಳದಲ್ಲಿರುವ ಹರಿದ ಸೀರೆಗಳನ್ನು ಒಮ್ಮೆ ತೆಗೆದು ನೋಡಿ. ದಿನಕ್ಕೊಂದು ಗಂಟೆಯಂತೆ ಕೂತರೆ ಸೋಣ ಸಂಕ್ರಮಣದೊಳಗೆ ಒಂದು ಮುಗಿಯುತ್ತದೆ. ಎರಡನೆಯದನ್ನು ಚೌತಿಯ ಮೊದಲು ಮುಗಿಸಬಹುದು.